ಆಲ್ಟ್ ಕೀಲಿಯ ಮೇಲಿನ ಹೆಬ್ಬೆರಳು

ಭಾಯ್ ಅವರ ಎಡಗೈ ಹೆಬ್ಬೆರಳು ಸದಾ ಕೊಂಚ ಬಾಗಿಯೇ ಇರುತ್ತಿತ್ತು. ಟೀ ಲೋಟ ಹಿಡಿದಾಗಲೂ ಅಷ್ಟೇ. ಕೀಬೋರ್ಡಿನ ಆಲ್ಟ್ ಕೀಲಿಯನ್ನು ವರ್ಷಗಟ್ಟಲೆ ಒತ್ತಿ ಹಿಡಿದು ಬಂದ ಬಾಗು ಅದು. ಹೆಬ್ಬೆರಳು ಅಲ್ಲಿ ಒತ್ತಿರುವಾಗಲೇ ಬಲಗೈ ಸೊನ್ನೆ, ಒಂದು, ಏಳು, ಆರು ಹೊಡೆದರೆ ತೆರೆಯ ಮೇಲೆ ಡಿಗ್ರಿ ಗುರುತು ಮೂಡುತ್ತಿತ್ತು. ವರ್ಗಮೂಲಕ್ಕೊಂದು ಸಂಖ್ಯೆ, ಪೈಗೊಂದು. ಎಲ್ಲವೂ ಅವರಿಗೆ ಬಾಯಿಪಾಠ.

ಪಾಂಡವಪುರದ ಬಸ್ ನಿಲ್ದಾಣದ ಹಿಂದಿದ್ದ ಅವರ ಡಿಟಿಪಿ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕು. ಕ್ಯಾತನಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಅಲ್ಲಿಗೇ ಹೋಗುತ್ತಿದ್ದೆ. ಚಿಹ್ನೆಗೆ ಜಾಗ ಬಿಟ್ಟು, ಆಮೇಲೆ ಪೆನ್ನಲ್ಲಿ ತುಂಬಿಕೊಳ್ಳಿ ಎನ್ನುವ ಅಂಗಡಿಗಳೇ ಹೆಚ್ಚು. ಭಾಯ್ ಹಾಗೆ ಒಂದು ಹಾಳೆಯನ್ನೂ ಹೊರಗೆ ಬಿಟ್ಟವರಲ್ಲ. "ಬುಟ್ಟ ಜಾಗ ಬುಟ್ಟಂಗೇ ಉಳ್ದೋಯ್ತದೆ, ಮೇಡಂ" ಎನ್ನುತ್ತಿದ್ದರು. ಪತ್ರಿಕೆ ನನ್ನ ಕೈಸೇರಿದ ಕೂಡಲೇ ತಮ್ಮ ಕಂಪ್ಯೂಟರಿನಿಂದ ಅದನ್ನು ಅಳಿಸಿಹಾಕುವುದೂ ಅವರ ನೇಮ. ಪ್ರಶ್ನೆ ಯಾರ ಕಣ್ಣಿಗೂ ಬೀಳಬಾರದಲ್ಲ!

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ದಿನ ನಾನೇ ಎಡವಟ್ಟು ಮಾಡಿದೆ. ಅಕ್ಷರ ಇನ್ನಷ್ಟು ಚೆಂದ ಕಾಣಲೆಂದು ಶಾಲೆಯ ಕಂಪ್ಯೂಟರಿನಲ್ಲಿ ಇಡೀ ಪತ್ರಿಕೆಯನ್ನು ಬೇರೊಂದು ಕನ್ನಡ ಫಾಂಟಿಗೆ ಬದಲಾಯಿಸಿ ಸೇವ್ ಮಾಡಿಬಿಟ್ಟೆ. ಡಿಗ್ರಿ, ವರ್ಗಮೂಲ, ಪೈ ಇದ್ದ ಕಡೆಯಲ್ಲೆಲ್ಲ ಕೊಂಬು, ಒತ್ತಕ್ಷರಗಳ ಚೂರುಗಳು ಬಂದು ಕೂತವು. ಸಂಜೆ ಐದಕ್ಕೆ ಪ್ರತಿಗಳು ಲಕೋಟೆ ಸೇರಬೇಕಿತ್ತು. ಪೆನ್‌ಡ್ರೈವ್ ಹಿಡಿದು ಭಾಯ್ ಹತ್ತಿರ ಓಡಿದೆ.

"ಹೊತ್ತಿಲ್ಲ ಭಾಯ್, ಪೆನ್ನಲ್ಲೇ ತಿದ್ದಿಬಿಡ್ತೀನಿ" ಎಂದೆ.

ಅವರು ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದರು. "ನಾನ್ ಎಸ್ಸೆಸ್ಸೆಲ್ಸಿ ಓದ್ವಾಗ ಸ್ಕೂಲ್ ಪರೀಕ್ಷೆಗೆ ಡಿಗ್ರಿ ಗುರ್ತ ಇಂಗೇ ಕೈಲಿ ಬರ್ದಿದ್ರು ಮೇಡಂ. ಆ ಸೊನ್ನೆ ದಪ್ಪಾಗಿ, ಮೂವತ್ತು ಡಿಗ್ರಿ ನನ್ ಕಣ್ಗೆ ಮುನ್ನೂರು ಅಂತ ಕಾಣ್ತು. ಎದ್ ಕೇಳಕ್ಕೆ ನಾಚ್ಕೆ. ಫೇಲಾದೆ. ನಮ್ ಅಬ್ಬಾಜಾನು ಸ್ಕೂಲೇ ಬುಡ್ಸ್‌ಬುಟ್ರು. ಕೂತ್ಕಳಿ, ನೀವ್ ಓದಿ, ನಾನ್ ಹೊಡೀತೀನಿ."

ಎಲ್ಲವನ್ನೂ ಒಂದೇ ಏಟಿಗೆ ಬದಲಾಯಿಸುವಂತಿರಲಿಲ್ಲ. ಅದೇ ಕೊಂಬು, ಒತ್ತುಗಳು ಕನ್ನಡ ಪದಗಳಲ್ಲೂ ಇದ್ದವು. ಒಂದೊಂದನ್ನೇ ಹುಡುಕಿ ಹಿಡಿಯಬೇಕು. ನಾನು ಕೈಬರಹದ ಪ್ರತಿ ಓದುತ್ತಾ ಹೋದೆ, ಅವರು ಹೊಡೆಯುತ್ತಾ ಹೋದರು. ಹೆಬ್ಬೆರಳು ಕೆಂಪಾಯಿತು. ಕೈ ಕೊಡವಿ ಮತ್ತೆ ಅಲ್ಲೇ ಇಟ್ಟರು. ಟೀ ಕುಡಿದು ಮಾಡಿ ಅಂದರೆ, "ಮುಗಿಸ್ದೇ ಏಳಕಿಲ್ಲ" ಎಂದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಎದ್ದರು. ನನಗೆ ಅಳುವೇ ಬಂದುಬಿಟ್ಟಿತು.

ಎರಡು ವರ್ಷದ ಹಿಂದೆ ಅವರ ಎಡಭಾಗಕ್ಕೆ ಲಕ್ವ ಹೊಡೆಯಿತು. ನೋಡಲು ಹೋದರೆ ಕಂಪ್ಯೂಟರನ್ನು ಮಂಚದ ಪಕ್ಕಕ್ಕೇ ತರಿಸಿಕೊಂಡಿದ್ದರು. "ನೀವ್ ಒತ್ತಿಡ್ಕಳಿ" ಎಂದರು. ನಾನು ಆಲ್ಟ್ ಒತ್ತಿ ಹಿಡಿದೆ. ಅವರು ಬಲಗೈಯಲ್ಲಿ ನಾಲ್ಕು ಅಂಕಿ ಹೊಡೆದರು. ಡಿಗ್ರಿ ಗುರುತು ಬಂತು. "ಕಲ್ತ್ಕಳಿ ಮೇಡಂ, ಇನ್ಮೇಲೆ ನೀವೇ ಹೊಡೀಬೇಕು." ಮುಂದಿನ ತಿಂಗಳೇ ಹೋಗಿಬಿಟ್ಟರು.

ಈಗ ಪತ್ರಿಕೆಯನ್ನು ನಾನೇ ಟೈಪ್ ಮಾಡುತ್ತೇನೆ, ಚಿಹ್ನೆಗಳನ್ನು ಆಲ್ಟ್ ಒತ್ತಿಯೇ ಹೊಡೆಯುತ್ತೇನೆ. ಬೇಕಾದ ಚಿಹ್ನೆಯೆಲ್ಲ ಮೆನುವಿನಲ್ಲೇ ಸಿಗುತ್ತದಲ್ಲ ಎಂದು ಜೊತೆಯ ಮೇಷ್ಟ್ರುಗಳು ನಗುತ್ತಾರೆ. ನಗಲಿ. ಮೊನ್ನೆ ಪರೀಕ್ಷೆಯಲ್ಲಿ ಕೊನೆಯ ಬೆಂಚಿನವರೆಗೂ ನಡೆದು, ಎದ್ದು ಕೇಳಲು ನಾಚುವ ಮಕ್ಕಳ ಉತ್ತರಗಳನ್ನೇ ಇಣುಕಿ ನೋಡಿದೆ. ಮೂವತ್ತು ಡಿಗ್ರಿಯನ್ನು ಎಲ್ಲರೂ ಮೂವತ್ತು ಡಿಗ್ರಿ ಎಂದೇ ಓದಿಕೊಂಡಿದ್ದರು.