ಚಕ್ರಕ್ಕೆ ಕೆಡ್ಡಸದ ಎಣ್ಣೆ

ಟಯರು ಗಾಡಿ ಕೊಂಡ ಮೇಲೆ ಪುಂಜಾಲಕಟ್ಟೆಯ ಮುಂಡಪ್ಪ ನೆಲದ ಮೇಲೆ ನಡೆದದ್ದನ್ನು ಕಂಡವರು ಕಡಿಮೆ. ಅಂಗಡಿಯಿಂದ ಬೆಲ್ಲ ತರಲಿಕ್ಕೂ ಎತ್ತು ಕಟ್ಟುತ್ತಿದ್ದ. ಊರಿನ ಮಿಕ್ಕ ಗಾಡಿಗಳೆಲ್ಲ ಮರದ ಚಕ್ರದವು, ಅರ್ಧ ಮೈಲಿಯಿಂದಲೇ ಕಿರ್ರೆನ್ನುತ್ತಿದ್ದವು. ಇವನದು ಮಾತ್ರ ಬೇರಿಂಗಿನ ಮೇಲೆ ಸದ್ದಿಲ್ಲದೆ ಬರುತ್ತಿತ್ತು. ಆ ಸದ್ದಿನ ಕೊರತೆಯನ್ನು ಮುಂಡಪ್ಪನ ಬಾಯಿ ನೀಗಿಸುತ್ತಿತ್ತು.

ಬಂಟ್ವಾಳದಲ್ಲಿ ಲಾರಿ ರಿಪೇರಿ ಮಾಡುವ ಮಮ್ಮು, ಚಕ್ರ ಬಿಚ್ಚಿ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಗೈಯಿಂದ ಗ್ರೀಸು ಒತ್ತಿ ತುಂಬುವುದನ್ನು ತೋರಿಸಿಕೊಟ್ಟಿದ್ದ. "ಗ್ರೀಸು ಬಿಟ್ಟು ಬೇರೆ ಏನೂ ಹಾಕಬೇಡಿ ಮಾರಾಯ್ರೆ" ಎಂದಿದ್ದ. ಮುಂಡಪ್ಪ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನು ತನ್ನ ಎತ್ತುಗಳಿಗೇನೂ ಕಡಿಮೆಯಲ್ಲ.

ಅಷ್ಟರಲ್ಲಿ ಕೆಡ್ಡಸದ ಹಬ್ಬ ಬಂತು. ಭೂಮಿತಾಯಿ ಮುಟ್ಟು ಕಳೆದು ಮೀಯುವ ದಿನ ಹೆಂಡತಿ ಸೇಸಮ್ಮ ತುಳಸಿಕಟ್ಟೆಯ ಎದುರು ನೆಲಕ್ಕೆ ತೆಂಗಿನೆಣ್ಣೆ ಬಿಟ್ಟಳು. ಮುಂಡಪ್ಪನ ಅಪ್ಪ, ಅಜ್ಜ ಎಲ್ಲ ಆ ದಿನ ಗಾಡಿಯ ಅಚ್ಚಿಗೂ ಎಣ್ಣೆ ಬಿಟ್ಟವರೇ. ಭೂಮಿಗೆ ಒಳ್ಳೆಯ ಎಣ್ಣೆ, ಅದರ ಮೇಲೆ ಓಡುವ ಗಾಡಿಗೆ ಈ ಕರಿ ಗಲೀಜೇ? ಅವನ ಮನಸ್ಸು ಒಪ್ಪಲಿಲ್ಲ. ಗ್ರೀಸನ್ನೆಲ್ಲ ಒರೆಸಿ ತೆಗೆದು, ಉಳಿದ ಎಣ್ಣೆಯನ್ನು ಭಕ್ತಿಯಿಂದ ಬೇರಿಂಗಿಗೆ ಸುರಿದ.

ಮರುವಾರವೇ ಮಿಜಾರಿನ ಅಮ್ಮಣ್ಣಿ, ತನ್ನ ಮಗನಿಗೆಂದು ಮುಂಡಪ್ಪನ ಮಗಳು ಕಾಂತಿಯನ್ನು ನೋಡಲು ಬರುವುದಿತ್ತು. ಹಿಂದೆ ಬಂದ ಸಂಬಂಧಗಳು ಕೈತಪ್ಪಿದ್ದವು. ಇದೂ ತಪ್ಪಿದರೆ ಎಂದು ಮುಂಡಪ್ಪನಿಗೆ ಒಳಗೊಳಗೇ ದಿಗಿಲು. ಅದಕ್ಕೇ ತಾನೇ ಮಿಜಾರಿಗೆ ಹೋಗಿ, "ಹೊಟ್ಟೆಯ ನೀರು ಅಲುಗದ ಹಾಗೆ ಕರ್ಕೊಂಡು ಹೋಗ್ತೇನೆ ಅಕ್ಕ" ಎಂದು ಅವಳನ್ನು ಗಾಡಿಗೆ ಹತ್ತಿಸಿಕೊಂಡ.

ಸಿದ್ದಕಟ್ಟೆ ಕಳೆಯುವಾಗ ಅಮ್ಮಣ್ಣಿ ಮೂಗು ಅರಳಿಸಿದಳು.

"ಎಂಥದು ಮುಂಡಪ್ಪಣ್ಣ, ಹಪ್ಪಳ ಕಾಯಿಸುವ ಪರಿಮಳ?"

"ಆಚೆ ಮನೆಯದ್ದು ಇರಬೇಕು ಅಕ್ಕ."

ಮುಂದೆ ಬರೀ ಗುಡ್ಡ. ಪರಿಮಳ ಸೀದ ವಾಸನೆಯಾಯಿತು.

"ಇಲ್ಲಿ ಮನೆ ಎಲ್ಲುಂಟು?"

ಮುಂಡಪ್ಪ ಬಾಯಿ ತೆರೆಯುವ ಮೊದಲೇ ಎಡದ ಚಕ್ರ ಕೀರಲಿಟ್ಟು ಕಚ್ಚಿಕೊಂಡಿತು. ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿ ಬೇರಿಂಗು ಒಣಗಿ ಕೆಂಡವಾಗಿತ್ತು.

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಎಣ್ಣೆ ಸುರಿದದ್ದನ್ನು ಒಪ್ಪಿಕೊಂಡ. ಕಾಂತಿಯ ಮುಖ ಕಣ್ಣೆದುರು ಬಂತು.

"ನನ್ನ ಬುದ್ಧಿ ನೋಡಿ ಹುಡುಗಿ ಬೇಡ ಅಂತ ಹೇಳಬೇಡಿ ಅಕ್ಕ. ಅವಳದ್ದು ತಾಯಿಯ ಬುದ್ಧಿ."

ಅಮ್ಮಣ್ಣಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ನಗು ನಿಲ್ಲಲಿಲ್ಲ. ಗಾಡಿಯಿಂದಿಳಿದು, ಸೀರೆಯನ್ನು ಎತ್ತಿ ಸಿಕ್ಕಿಸಿ, ಪುಂಜಾಲಕಟ್ಟೆಯ ಕಡೆಗೇ ನಡೆಯತೊಡಗಿದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದಳು.

"ಎತ್ತು ಬಿಚ್ಚಿ ಬನ್ನಿ ಮುಂಡಪ್ಪಣ್ಣ, ಹುಡುಗಿ ನೋಡುವ. ಆದ್ರೆ ದಿಬ್ಬಣಕ್ಕೆ ಮಾತ್ರ ಬಸ್ಸು ಮಾಡುವ, ಆಯ್ತಾ?"