ಗಾಜಿನ ಕಾಲುವೆಗೆ ಬಿದ್ದ ಭಂಡಾರ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ನಿವೃತ್ತಿಯಾಗಲಿ ಎಂದೆ; ಆಯಿತು. ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ, ಅದೂ ಮುಗಿಯಿತು. ಹೇಡಿಗೆ ನೆಪಗಳ ಬರ ಇರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಬೈಲಹೊಂಗಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಅಟೆಂಡರ್. ಓದಿದ್ದು ಹೈಸ್ಕೂಲು, ಸೊಕ್ಕು ಮಾತ್ರ ಪ್ರೊಫೆಸರರಷ್ಟು. ನಮ್ಮ ಸರ್ ಒಬ್ಬರಿಗೆ ಒಂದು ಯಂತ್ರದ ಹುಚ್ಚು ಹಿಡಿದಿತ್ತು. ಗಾಜಿನ ಪಟ್ಟಿಯೊಳಗೆ ಕೂದಲಿನಷ್ಟು ಸಣ್ಣ ಕಾಲುವೆಗಳು. ಕಂಪ್ಯೂಟರು ವಾಲ್ವ್ ತೆರೆದು ಮುಚ್ಚಿ ಅವುಗಳಲ್ಲಿ ನೀರು ಹರಿಸಬೇಕು. ಸೂಕ್ಷ್ಮದರ್ಶಕಕ್ಕೆ ಕಟ್ಟಿದ ಕ್ಯಾಮೆರಾ ಅದನ್ನು ಸಭಾಂಗಣದ ಪರದೆಗೆ ನೇರವಾಗಿ ಕಳಿಸಬೇಕು. ಸರ್ ಅದನ್ನು ಬಾಯಲ್ಲಿ ಕಟ್ಟಿದರು. ಕೈಯಲ್ಲಿ ಕಟ್ಟಿದವರು ಸುರೇಬಾನದ ಸಾಬರು, ಬೆಳೆಗೆ ಔಷಧ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದವರು. ಯಂತ್ರ ನಡೆದರೆ ಅವರಿಗೆ ಕಾಲೇಜಿನಲ್ಲಿ ಕಾಯಂ ಕೆಲಸ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ಮಾತು ಕೊಟ್ಟಿದ್ದರು.

ಪ್ರದರ್ಶನದ ಹಿಂದಿನ ದಿನ ಸಾಬರು ನನಗೆ ಹೇಳಿದರು: "ಅಣ್ಣಾರ, ನೀರು ಸೋಸಿ ಇಟ್ಟೇನ್ರಿ. ಒಂದು ಕಣ ಧೂಳು ಬಿದ್ರೂ ಮುಗೀತು. ಬಾಟ್ಲಿ ಮುಟ್ಟಬ್ಯಾಡ್ರಿ."

"ಪಂಪಿನವ್ರು ನಮಗ ಸಾಲಿ ಕಲಿಸ್ತೀರೇನ್ರಿ?" ಎಂದೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಯಂತ್ರಕ್ಕೆ ಪೂಜೆ ಮಾಡಿದೆ. ಸವದತ್ತಿ ಗುಡ್ಡದಿಂದ ತಂದ ಎಲ್ಲಮ್ಮನ ಭಂಡಾರ, ಆ ಅರಿಸಿನ ಪುಡಿಯನ್ನು, ಎಲ್ಲಕ್ಕೂ ಹಚ್ಚಿದೆ. ಬಾಟಲಿಯ ಮುಚ್ಚಳ ತೆಗೆದು ನೀರಿಗೂ ಒಂದು ಚಿಟಿಕೆ ಹಾಕಿದೆ. ಹೊಸ ಬೋರಿನ ನೀರಿಗೆ ಹಾಕುವುದಿಲ್ಲವೇ, ಹಾಗೆ.

ಸಭಾಂಗಣ ತುಂಬಿದ ಮೇಲೆ ಯಂತ್ರ ಶುರು ಮಾಡಿದರು. ಪರದೆಯ ಮೇಲೆ ನೀರು ಒಂದು ಗೇಣು ಹರಿಯಿತು. ಹಿಂದೆಯೇ ಹಳದಿ ಬಂಡೆಗಳು ಉರುಳಿಬಂದು ಕಾಲುವೆ ಕಟ್ಟಿಕೊಂಡಿತು.

"ಏನ್ರಿ ಅದು?" ಅಧ್ಯಕ್ಷರು ಕೇಳಿದರು.

ಪದವಿಗಳ ಮೇಲೆ ಪದವಿ ಪಡೆದ ನಮ್ಮ ಸರ್ ಒಂದು ಕ್ಷಣವೂ ತಡೆಯಲಿಲ್ಲ. "ತುಕ್ಕು ಇರಬೇಕ್ರಿ. ಸಾಬರು ಹಳೇ ಪಂಪಿನ ಸಾಮಾನು ಜೋಡಿಸ್ಯಾರ." ನನ್ನ ಕಡೆ ತಿರುಗಿ, "ಹೌದಿಲ್ಲೊ?" ಎಂದರು.

"ಹೌದ್ರಿ" ಎಂದೆ, ಹಳದಿ ಹತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಸಾಬರು ನನ್ನ ಹಣೆ ನೋಡಿದರು. ಅಲ್ಲಿಯೂ ಭಂಡಾರವಿತ್ತು. ಅವರಿಗೆ ತಿಳಿಯಿತು. ಆದರೆ ಎಲ್ಲಮ್ಮನ ಭಂಡಾರದಿಂದ ಕೆಟ್ಟಿತೆಂದು ಆ ಸಭೆಯಲ್ಲಿ ಸಾಬರೊಬ್ಬರು ಹೇಳುವಂತಿರಲಿಲ್ಲ. ಅದು ನನಗೂ ಗೊತ್ತಿತ್ತು. ಅದರ ಮರೆಯಲ್ಲೇ ನಿಂತೆ.

ಅವರ ಕಾಯಂ ಕೆಲಸ ಅಲ್ಲಿಗೇ ಹೋಯಿತು. ಹತಾರಗಳ ಚೀಲ ಹೊತ್ತು ರಾಮದುರ್ಗದ ಬಸ್ಸು ಹತ್ತಿದರು. ಯಂತ್ರ ತೊಳೆದಿಟ್ಟದ್ದಕ್ಕೆ ಸರ್ ನನಗೆ ಶಹಬ್ಬಾಸ್ ಎಂದರು, ನಾನು ತಲೆಬಾಗಿ ಅದನ್ನೂ ತೆಗೆದುಕೊಂಡೆ.

ಗುಡ್ಡ ಹತ್ತಿ ದೇವಿಯ ಮುಂದೆ ಎರಡು ಸಲ ತಪ್ಪೊಪ್ಪಿಕೊಂಡಿದ್ದೇನೆ. ಅದಕ್ಕೆ ಧೈರ್ಯ ಬೇಕಿಲ್ಲ. ದೇವಿ ತಿರುಗಿ ಕೇಳುವುದಿಲ್ಲ. ತಪ್ಪಾಯಿತೆಂದು ನಾನು ಇಂದಿಗೂ ಹೇಳದೆ ಉಳಿದಿರುವುದು ಸುರೇಬಾನದ ಆ ಸಾಬರಿಗೆ.