ಹಿಂದೆ ಕೆಲಸ ಮಾಡಿದವನನ್ನು ಬೈಯುವ ಬಗ್ಗೆ

ನಳದ ಕೆಲಸದವರು ಯಾರ ಮನೆಗೆ ಹೋದರೂ ಮೊದಲು ಚೀಲದಿಂದ ನಳ ತಿರುವುವ ಪಾನಾ ತೆಗೆಯುವುದಿಲ್ಲ. ಸೋರುವ ಜಾಗವನ್ನು ಬಗ್ಗಿ ನೋಡುತ್ತಾರೆ, ಲೊಚ್ಚೆನ್ನುತ್ತಾರೆ, ಆಮೇಲೆ "ಯಾರು ಮಾಡಿದ್ದು ಈ ಕೆಲಸ?" ಎಂದು ಕೇಳುತ್ತಾರೆ. ಅವರಿಗೆ ಉತ್ತರ ಬೇಕಾಗಿರುವುದಿಲ್ಲ. ಪೂಜೆಗೆ ಮುಂಚೆ ದೀಪ ಹಚ್ಚುವ ಹಾಗೆ ಅದು, ಅದಾಗದೆ ಮುಂದಿನದು ಶುರುವಾಗದು. ನಮ್ಮ ಮನೆಯವರು ಹೈದರಾಬಾದಿನಲ್ಲಿ ಪ್ಲಂಬರಾಗಿ ದುಡಿದಷ್ಟು ಕಾಲವೂ ಈ ಮಾತನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ತಪ್ಪದೆ ಹೇಳಿದರು.

ಅವರು ಬೀದರ ಕಡೆಯಿಂದ ಬಂದವರು. ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ಕಬ್ಬಿಣದ ಪೈಪು ಕೊಯ್ದು, ಜೋಡಿಸಿ ಕೆಲಸ ಕಲಿತರು. ಅಂಗೈ ಗಟ್ಟಿಯಾದ ಮೇಲೆ ಮಿಯಾಪುರದ ಅಪಾರ್ಟ್‌ಮೆಂಟುಗಳಿಗೆ ಹೋಗತೊಡಗಿದರು. ಅಷ್ಟರಲ್ಲಿ ಪ್ಲಾಸ್ಟಿಕ್ ಪೈಪು, ಅದಕ್ಕೊಂದು ಅಂಟು ಬಂದಿದ್ದವು. "ಇದೇನ್ ಕೆಲಸ, ಲಕೋಟಿ ಅಂಟಿಸಿದಂಗ ಐತಿ," ಎಂದು ಮೂಗು ಮುರಿದರು. ಆದರೂ ಅಂಟಿಸಿದ ಮೇಲೆ ಉಣಿಸಿದ ಕೂಸಿನ ಬಾಯಿ ಒರೆಸುವಂತೆ ಪ್ರತಿ ಜೋಡಣೆಯನ್ನೂ ಒರೆಸಿಯೇ ಏಳುತ್ತಿದ್ದರು.

ಒಮ್ಮೆ ಮಿಯಾಪುರದ ಒಂದು ಮನೆಯಲ್ಲಿ ಬೇಸಿನ್ನಿನ ಕೆಳಗೆ ತಲೆ ತೂರಿಸಿ, ಹಿಂದೆ ಮಾಡಿದವನ ಕೈ, ಕಣ್ಣು, ಕೊನೆಗೆ ಅವನಿಗೆ ಕಲಿಸಿದವನನ್ನೂ ಬೈದರಂತೆ. ಆ ಮನೆಯ ಅಜ್ಜಿ ಧಾರವಾಡ ಕಡೆಯವರು. ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಹೋದ ದೀಪಾವಳಿಗೆ ನೀವೇ ಮಾಡಿದ್ದಲ್ಲರೀ ಇದು," ಎಂದರಂತೆ. ಇವರು ತಲೆ ಹೊರಗೆ ತೆಗೆಯಲಿಲ್ಲ. ಒಳಗಿನಿಂದಲೇ, "ಅವತ್ತ ನೀವು ಭಾಳ ಅವಸರ ಮಾಡಿದ್ರಿ ಅಜ್ಜಿ," ಎಂದರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ. ಬೈದದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ ಎಂಬ ತೃಪ್ತಿ ಇತ್ತು.

ಹಾಗೆ ನೋಡಿದರೆ ಇದು ಪ್ಲಂಬರುಗಳದೊಂದೇ ಚಾಳಿಯಲ್ಲ. ದರ್ಜಿಯ ಮುಂದೆ ಬೇರೆಯವರು ಹೊಲಿದ ರವಿಕೆ ಇಟ್ಟು ನೋಡಿ. ಡಾಕ್ಟರಿಗೆ ಇನ್ನೊಬ್ಬ ಡಾಕ್ಟರ ಚೀಟಿ ತೋರಿಸಿ. ಓದಿದವರಾದ್ದರಿಂದ ಅವರು ಹುಬ್ಬಿನಲ್ಲೇ ಬೈಯುತ್ತಾರೆ. ನಾನೂ ಬೀಗರ ಮನೆಯ ಹೋಳಿಗೆ ಮುರಿದಾಗ, ಈ ಕಣಕ ನಾದಿದವರು ಯಾರು ಎಂದು ಮನಸ್ಸಿನಲ್ಲೇ ಕೇಳಿದವಳೇ. ಕೆಲಸವೇ ಬಾರದವನನ್ನು ಯಾರೂ ಇಷ್ಟು ಮನಸ್ಸಿಟ್ಟು ಬೈಯುವುದಿಲ್ಲ.

ಇವರು ತೀರಿಕೊಂಡ ಕೆಲವು ತಿಂಗಳಿಗೆ ಕುಷಾಯಿಗೂಡದ ನಮ್ಮ ಮನೆಯ ಅಡುಗೆಮನೆ ನಳ ಸೋರತೊಡಗಿತು. ಇವರೇ ಕೂಡಿಸಿದ ನಳ. ನಾನು ಕೆಳಗೊಂದು ಪಾತೇಲಿ ಇಟ್ಟೆ. ತುಂಬಿದ ನೀರನ್ನು ಚೆಲ್ಲಲಾರದೆ ಕುಂಡದ ಕರಿಬೇವಿಗೆ ಹಾಕಿದೆ, ಕರಿಬೇವು ಕೊಳೆಯಿತು. ಮಗಳು ಫೋನಿನಲ್ಲಿ, "ಅವ್ವಾ, ಯಾರನ್ನರ ಕರಿ. ಪ್ಲಂಬರ್ ಮನ್ಯಾಗ ನಳ ಸೋರ್ತದಂದ್ರ ಮಂದಿ ನಗ್ತಾರ," ಎಂದಳು. ಮಂದಿ ನಕ್ಕರೆ ನಗಲಿ. ಕರೆದವನು ಬಂದು ಬಗ್ಗುತ್ತಾನೆ, ಲೊಚ್ಚೆನ್ನುತ್ತಾನೆ, ಆ ಮಾತು ಕೇಳುತ್ತಾನೆ. ಇವರ ಕೆಲಸದ ಮೇಲೆ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಕಡೆಗೆ ಖಾಜಾಮಿಯಾರನ್ನು ಕರೆದೆ. ಹುಮನಾಬಾದಿನವರು, ಇವರ ಜೊತೆಗೇ ಕೆಲಸ ಕಲಿತವರು, ಜೀವಮಾನವಿಡೀ ಇವರ ಕೆಲಸದಲ್ಲಿ ಕೊಂಕು ತೆಗೆದವರು. ಬೈಯುವುದೇ ಆದರೆ ಪರಿಚಯದವರು ಬೈಯಲಿ ಎಂದುಕೊಂಡೆ. ಅವರು ನೀರು ಬಂದ್ ಮಾಡಿ ಬಂದು ನಳದ ಮುಂದೆ ಬಗ್ಗಿದರು. ನಾನು ಬೆನ್ನು ಮಾಡಿ ನಿಂತು, ಹಸನು ಮಾಡಿಟ್ಟಿದ್ದ ಅಕ್ಕಿಯನ್ನೇ ಮತ್ತೆ ಹಸನು ಮಾಡತೊಡಗಿದೆ.

ಲೊಚ್ಚೆನ್ನಲಿಲ್ಲ. "ಚಲೋ ಕೆಲಸ ಐತಿ ಭಾಬಿ," ಎಂದರು, ಇವರನ್ನು ಮಣ್ಣು ಮಾಡಿದ ದಿನ ಮಾತಾಡಿದ ಅದೇ ಮೆಲುದನಿಯಲ್ಲಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಇವರನ್ನು ಕೆಲಸದವರ ಸಾಲಿನಿಂದ ಎಬ್ಬಿಸಿ, ಗೋಡೆಯ ಮೇಲಿನ ಹಾರ ಹಾಕಿದ ಫೋಟೊಗಳ ಸಾಲಿಗೆ ಕಳಿಸಿಬಿಟ್ಟಂತಾಯಿತು.

"ಖಾಜಾಭಾಯಿ, ಅವರು ಇದ್ದಾಗ ಹಿಂಗ ಅಂತಿದ್ರೇನು ನೀವು?"

"ಹೋದೋರಿಗೆ ಹೆಂಗ ಅನ್ಲಿ ಭಾಬಿ?"

"ಅನ್ರಿ. ನಾ ಏನೂ ತಿಳ್ಕೊಳ್ಳಂಗಿಲ್ಲ."

ಅವರು ನನ್ನ ಮುಖ ನೋಡಿ, ನಳದ ಕಡೆ ತಿರುಗಿದರು. ಪಾನಾ ಹಚ್ಚಿ ತಿರುವಿದರು. ನಳ ಅಲುಗಲಿಲ್ಲ. ಕಟ್ಟೆಗೆ ಮೊಣಕಾಲು ಕೊಟ್ಟು ಮತ್ತೆ ತಿರುವಿದರು. ಹಣೆಯಲ್ಲಿ ಬೆವರು ಇಳಿಯಿತು. ಆಗ ಅವರ ಮರ್ಯಾದೆ ಸಡಿಲಾಯಿತು.

"ಯಾ ಅಲ್ಲಾ, ಯಾರು ಮಾಡಿದ್ದು ಈ ಕೆಲಸ? ನಳ ಕೂಡಿಸ್ಯಾನೋ, ಗ್ವಾಡಿ ಕೂಡ ಲಗ್ನ ಮಾಡ್ಯಾನೋ? ಸೋರಬಾರದಂತ ಇಷ್ಟು ನೂಲು ಸುತ್ತಿದ್ರ ನಾಳೆ ಬಿಚ್ಚಾವ ಏನ್ ಮಾಡಬೇಕು? ಸಿದ್ರಾಮಣ್ಣ, ಅವತ್ತಿಂದ ಬಡಕೊಳ್ಳಾಕತ್ತೀನಿ, ನಿನ್ನ ಕೈ ಭಾಳ ಬಿಗಿ ಅಂತ. ಕೇಳಿದೇನು ನೀ? ಯಾವತ್ತರ ಯಾರ ಮಾತರ ಕೇಳಿಯೇನು?"

ನಳ ಕೈಗೆ ಬರುವವರೆಗೂ ಇವರನ್ನು ಹೆಸರು ಹಿಡಿದು ಬೈದರು, ಬಂದ ಮೇಲೂ ಬೈದರು. ನಾನು ಚಹಾಕ್ಕಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡೆ. ಆಮೇಲೆ, ಹೋಗುವ ಮುಂಚೆ ಇವರೇ ಕೂಡಿಸಿದ ಬಚ್ಚಲಮನೆಯ ನಳವನ್ನೂ ಒಮ್ಮೆ ಬಿಚ್ಚಿ ನೋಡಿ ಎಂದೆ.

ಅದೇನೂ ಸೋರುತ್ತಿರಲಿಲ್ಲ.